ತಾತ ಮೀಸೆ ಪಣಕ್ಕಿಟ್ಟ ಭಾನುವಾರ

ನಾನು ನಿಮ್ಮಷ್ಟುದ್ದ ಇದ್ದಾಗ, ಲೋ ಪಿಳ್ಳೆಗಳಾ, ಟೀವಿಲಿ ಕುಸ್ತಿ ನೋಡ್ಬೇಕು ಅಂದ್ರೆ ಒಂದು ವಾರ ಕಾಯ್ಬೇಕಿತ್ತು. ಕಿಸಿಬ್ಯಾಡ್ರಿ. ನಂಗೀಗ ಹದಿನೇಳೇ ಇರ್ಬೋದು, ನಿಮ್ಮ ಮುಂದೆ ನಾನು ಮುದುಕನೇ. ಹೋದ ಭಾನುವಾರ ನೀವು ಮೂರೂ ಜನ ಚಿಕ್ಕಪ್ಪನ ಮೊಬೈಲ್ ಹಿಡ್ಕೊಂಡು ಜಗಲಿ ಮೇಲೆ ಹೊರಳಾಡ್ತಿದ್ರಲ್ಲ, ಆ ಬೋಳುತಲೆ ಪೈಲ್ವಾನನ್ನ ನೋಡಿ "ಥೂ, ಎಲ್ಲಾ ಫೇಕು" ಅಂತ ನಗ್ತಾ? ಆಗ ನಂಗೆ ಬಂದ ಸಿಟ್ಟಲ್ಲಿ ಒಂದು ಆಲೆಮನೆ ಒಲೆ ಉರಿಸ್ಬೋದಿತ್ತು. ಆ ಬೋಳುತಲೆಗೋಸ್ಕರ ನಮ್ಮ ಮನೇಲಿ ಏನು ಕಳ್ಕೊಂಡಿದೀವಿ ಅಂತ ನಿಮಗೆ ಗೊತ್ತಿಲ್ಲ. ಮೊಬೈಲ್ ಮಗುಚಿಡಿ. ಕೂತ್ಕೊಳ್ಳಿ.

ಆಗ ಪ್ರತಿ ಭಾನುವಾರ ಸಂಜೆ ಆರಕ್ಕೆ ಆ ಕುಸ್ತಿ ಬರ್ತಿತ್ತು. ಫಾರಿನ್ನವರ ಹೆಸರು ನಮ್ಮ ಬಾಯಿಗೆ ಬರ್ತಿರ್ಲಿಲ್ಲ, ಅದಕ್ಕೆ ನಾನೂ ಅಕ್ಕನೂ ಎಲ್ಲರಿಗೂ ಹೊಸದಾಗಿ ನಾಮಕರಣ ಮಾಡಿದ್ವಿ. ಒಬ್ಬ ಚಿಮಣಿ. ಪಾಂಡವಪುರದ ಸಕ್ಕರೆ ಕಾರ್ಖಾನೆ ಚಿಮಣಿಗಿಂತ ಒಂದು ಗೇಣು ಕಮ್ಮಿ ಇದ್ದ ಅಷ್ಟೇ. ಅವನು ಬರುವಾಗ ಹೊಗೆ ಬಿಡ್ತಿದ್ರು. ಹೊಗೆಯಿಂದ ಮೊದಲು ತಲೆ ಬರ್ತಿತ್ತು, ಕಾಲು ಬರೋದು ಅಡ್ವಟೈಸ್‌ಮೆಂಟ್ ಮುಗಿದ ಮೇಲೆ. ಸೊಂಟದ ತನಕ ಕೂದಲು. ಇನ್ನೊಬ್ಬ ಕಂಡಕ್ಟರ್. ಕೊರಳಲ್ಲಿ ಪೀಪಿ ಹಾಕ್ಕೊಂಡು, ಸಿಕ್ಕಿದವರನ್ನೆಲ್ಲಾ ಹಿಂದಕ್ಕೆ ತಳ್ಳೋ ಕಳ್ಳ ನನ್ಮಗ. ಯಾವತ್ತೂ ಎದುರಿಂದ ಹೊಡೆದವನಲ್ಲ.

ನಾನಂತೂ ಚಿಮಣಿ ಬಂದ ಅಂದ್ರೆ ಕೂಗ್ತಿದ್ದ ಕೂಗಿಗೆ ಹಿಂದಿನ ಬೀದಿ ಎಮ್ಮೆ ಹಾಲು ಬಿಡ್ತಿರ್ಲಿಲ್ಲ. ಆ ಎಮ್ಮೆಯವರು ಎರಡು ಸಲ ಜಗಳಕ್ಕೂ ಬಂದಿದ್ರು.

ಆದ್ರೆ ನಮ್ಮ ಮನೇಲಿ ಚಿಮಣಿಯ ನಿಜವಾದ ಅಭಿಮಾನಿ ತಾತ. ಗೋಡೆ ಮೇಲೆ ಒಂದು ಫೋಟೋ ಇದೆಯಲ್ಲ, ನೀವು "ಇದ್ಯಾರು?" ಅಂತ ಕೇಳೋದು, ಅದು ತಾತನೇ ಕಣ್ರೋ. ಆ ಮೀಸೆ ನೋಡಿ. ಬಲಗಡೆ ತುದಿ ಪಾಂಡವಪುರದಲ್ಲಿದ್ರೆ ಎಡಗಡೆ ತುದಿ ನಾಗಮಂಗಲಕ್ಕೆ ಟಿಕೆಟ್ ತಗೊಳ್ತಿತ್ತು. ತಾತ ಶ್ರೀರಂಗಪಟ್ಟಣದ ಗರಡೀಲಿ ಬೆಳೆದ ಪೈಲ್ವಾನ್, ಆಮೇಲೆ ಅದೇ ಗರಡೀಲಿ ಕುಸ್ತಿ ಕಲಿಸೋ ಉಸ್ತಾದ್. ಬಲಗಿವಿ ಕಜ್ಜಾಯದಂಗೆ ಮುದುರಿರೋದು ಅಖಾಡದ ಒಂದು ಪಟ್ಟಿಗೆ ಸಿಕ್ಕಿ. ಗರಡಿ ಮುಚ್ಚಿ ಅಲ್ಲಿ ಸಿಮೆಂಟ್ ಗೋಡೌನ್ ಆದ ದಿನ ತಾತ ಒಂದು ಬಿಸ್ಕತ್ ಡಬ್ಬದ ತುಂಬ ಅಲ್ಲಿನ ಕೆಮ್ಮಣ್ಣು ತುಂಬ್ಕೊಂಡು ಬಂದಿತ್ತು. ಎಣ್ಣೆ, ಅರಿಶಿನ, ಮಜ್ಜಿಗೆ ಕುಡಿದು ಕುಡಿದು ಮೆತ್ತಗಾಗಿದ್ದ ಮಣ್ಣು. ಮುಚ್ಚಳ ತೆಗೆದ್ರೆ ಹಳೇ ಬೆವರಿನ ವಾಸನೆ ಮೂಗಿಗೆ ಗುದ್ದೋದು.

ಭಾನುವಾರ ಆರಕ್ಕೆ ತಾತ ಕಾಲು ತೊಳ್ಕೊಂಡು ಬಂದು, ಡಬ್ಬದಿಂದ ಒಂದು ಚಿಟಿಕೆ ತೆಗೆದು, ಟೀವಿ ತಲೆ ಮೇಲೆ ಇಟ್ಟು, ತೊಡೆ ತಟ್ಟಿ ಕೂತ್ಕೊಳ್ತಿತ್ತು. ಟೀವಿಯವರಿಗೆ ಇದು ಗೊತ್ತಿರ್ಲಿಲ್ಲ ಬುಡಿ. ತಾತನ ಲೆಕ್ಕದಲ್ಲಿ ಮಣ್ಣಿಲ್ಲದೆ ಕುಸ್ತಿ ಇಲ್ಲ.

ಆ ವಾರದ್ದು ಅಂತಿಂಥ ಕುಸ್ತಿ ಅಲ್ಲ. ಚಿಮಣಿಗೂ ಕಂಡಕ್ಟರಿಗೂ, ಸೋತವನ ತಲೆ ಬೋಳಿಸ್ತಾರೆ ಅಂತ ಎರಡು ತಿಂಗಳಿಂದ ಸಾರ್ತಿದ್ರು. ಅಕ್ಕ ಕ್ಯಾಲೆಂಡರ್ ಮೇಲೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ ಹಾಕಿ ಹಾಳೆ ತೂತಾಗಿತ್ತು.

ಹಿಂದಿನ ದಿನ, ಶನಿವಾರ, ಅಪ್ಪ ಟೆಂಪೋದಲ್ಲಿ ಅಚ್ಚುಬೆಲ್ಲ ತುಂಬ್ಕೊಂಡು ಕೆ.ಆರ್. ಪೇಟೆಗೆ ಹೊರಟಿತ್ತು. ನನ್ನೂ ಕೂರಿಸ್ಕೊಳ್ತು. ಬೆಲ್ಲ ಇಳಿಸಿ ಬಸ್‌ಸ್ಟ್ಯಾಂಡ್ ಹತ್ರ ಹೋಟ್ಲಲ್ಲಿ ಕೂತಿದ್ವಿ. ಪಕ್ಕದ ಟೇಬಲಲ್ಲಿ ಒಬ್ಬ ಕಾಲೇಜು ಹುಡುಗ. ನಾನು ಚಿಮಣಿ ಬಗ್ಗೆ ಹೋಟ್ಲಿಗೆಲ್ಲಾ ಕೇಳೋ ಹಂಗೆ ಕೊಚ್ಕೊಳ್ತಿದ್ನಾ, ಅವನು ತಿರುಗಿ ನಕ್ಕ.

"ಅದು ಫಾರಿನ್ನಲ್ಲಿ ಆಗ್ಲೇ ಮುಗ್ದೋಗದೆ ಕಣಣ್ಣ. ಇಲ್ಲಿ ಲೇಟಾಗಿ ಹಾಕ್ತಾರೆ. ಎಲ್ಲಾ ಮೊದ್ಲೇ ಮಾತಾಡ್ಕೊಂಡಿರ್ತಾರೆ. ನೋಡಿಲ್ಲಿ." ಮೊಬೈಲ್ ತೋರಿಸ್ದ. ಚಿಮಣಿ. ತಲೆ ಸುಲಿದ ತೆಂಗಿನಕಾಯಿ.

ನಂಗೆ ಅಳು ಬಂತು. ಅಪ್ಪನಿಗೆ ಬಂದದ್ದು ನಗು. ಅದೂ ಎಂಥಾ ನಗು, ಬೆಲ್ಲಕ್ಕೆ ಇರುವೆ ಹತ್ತಿದಂಗೆ ಮಖದ ತುಂಬ ಹರೀತು. "ಲೇ ಮಗ, ತಾತಂಗೆ ಏಳ್ಬ್ಯಾಡ ಕಣ್ಲಾ. ನಾಳೆ ಒಂದು ತಮಾಷೆ ಮಾಡವ." ಅಂದು, ನಂಗೆ ಇನ್ನೊಂದು ಮಸಾಲೆ ದೋಸೆ ಹೇಳ್ತು. ಬೆಣ್ಣೆ ಹಾಕಿಸಿ. ನಾನು ಅಳ್ತಾ ಅಳ್ತಾನೇ ಅದನ್ನ ಮುಗಿಸ್ದೆ. ದೋಸೆ ಸಿಕ್ಕಿದ್ರೆ ನಂಗೆ ಯಾವ ತಮಾಷೆನೂ ಸರಿ. ಮೊದಲನೇ ತುತ್ತಿಗೆ ಚಿಮಣಿನ ಮಾರಿದ್ದೆ, ಕೊನೇ ತುತ್ತಿಗೆ ತಾತನ್ನ.

ಭಾನುವಾರ ಬಂತು. ಅವ್ವ ಕಡ್ಲೆಪುರಿಗೆ ಒಗ್ಗರಣೆ ಹಾಕಿತ್ತು. ಬೀದಿ ತುದೀಲಿ ಕಟಿಂಗ್ ಶಾಪ್ ಇಟ್ಟಿದ್ದ ಚಾಚಾನೂ ಅಂಗಡೀನ ಕೆಲಸದವನ ಕೈಗೆ ಕೊಟ್ಟು ಬಂದಿದ್ರು. ಚಾಚಾ ಚಿಕ್ಕವರಿದ್ದಾಗ ತಾತನ ಗರಡೀಲೇ ಕಲಿತವರು. ಅರವತ್ತಾದ್ರೂ ತಾತನ ಮುಂದೆ ಕುರ್ಚಿ ಮೇಲೆ ಕೂರ್ತಿರ್ಲಿಲ್ಲ, ಚಾಪೆ ಮೇಲೇನೇ. ಇನ್ನೇನು ಶುರುವಾಗ್ಬೇಕು, ಅಪ್ಪ ಬಾಯಿ ಬಿಡ್ತು.

"ಅಪ್ಪೋ, ನಿನ್ ಚಿಮಣಿ ಇವತ್ತು ಸೋಲ್ತಾನೆ ಕಣಪ್ಪ."

"ಅವನ ತೊಡೆ ನೋಡಿದ್ದೀಯೇನ್ಲಾ? ಅಂಥಾ ತೊಡೆ ಸೋಲಾಕಿಲ್ಲ."

"ಸೋತ್ರೆ?"

"ಸೋತ್ರೆ ನನ್ನ ಮೀಸೆ ತಗೀತೀನಿ."

"ಬಾಯ್ಮಾತು."

ಅಷ್ಟೇ. ತಾತ ಡಬ್ಬ ತೆಗೀತು. ಗರಡೀಲಿ ಒಂದು ಪದ್ಧತಿ. ಮಣ್ಣು ಮುಟ್ಟಿ ಹಣೆಗೆ ಹಚ್ಕೊಂಡು ಆಡಿದ ಮಾತನ್ನ ಯಾರೂ ವಾಪಸ್ ತಗೊಳ್ಳಂಗಿಲ್ಲ. ಆಡಿದವನೂ ತಗೊಳ್ಳಂಗಿಲ್ಲ, ಕೇಳಿದವನೂ ಬುಟ್ಟುಕೊಡಂಗಿಲ್ಲ. ತಾತ ಮಣ್ಣು ಮುಟ್ತು, ಹಣೆಗೆ ಹಚ್ತು, ಆಮೇಲೆ ಯಾಕೋ ತಿರುಗಿ ನನ್ನ ಮಖ ನೋಡ್ತು. ನಾನು ನನ್ನ ಅಂಗಿ ಗುಂಡಿ ನೋಡ್ದೆ. ಒಂದು ಮಾತು ಹೇಳಿದ್ರೆ ಸಾಕಿತ್ತು. "ತಾತ, ಬ್ಯಾಡ." ಎರಡೇ ಪದ. ಊರಿಗೆಲ್ಲಾ ಬಾಯಿ ಬಡ್ಕೊಳ್ಳೋ ನನ್ನ ನಾಲಿಗೆ ಆವತ್ತು ಬೆಣ್ಣೆಗೆ ಅಂಟ್ಕೊಂಡಿತ್ತು. ಅದನ್ನ ನೆನೆಸ್ಕೊಂಡ್ರೆ ಇವತ್ತೂ ನನ್ನ ಕೆನ್ನೆಗೆ ನಾನೇ ಹೊಡ್ಕೋಬೇಕು ಅನ್ಸುತ್ತೆ.

ಕುಸ್ತಿ ಶುರುವಾಯ್ತು. ಚಿಮಣಿ ಕಂಡಕ್ಟರನ್ನ ಎತ್ತಿ ಎತ್ತಿ ಬಿಸಾಕ್ದ. ಅಕ್ಕ ಚಾಪೆ ಮೇಲೆ ಕುಣೀತು. ಚಾಚಾ "ವಾರೆವ್ವಾ" ಅಂತ ಪುರಿ ಚೆಲ್ಲಿದ್ರು. ನಾನು ಮಾತ್ರ ಸುಮ್ನೆ. ಅಷ್ಟರಲ್ಲಿ ರೆಫ್ರಿ, ಆ ದರಿದ್ರ ಮುಂಡೇದು, ಬೂಟಿನ ದಾರ ಕಟ್ಕೊಳ್ಳಾಕೆ ಬಗ್ದ. ಕಂಡಕ್ಟರ್ ಹಿಂದಿಂದ ಕುರ್ಚಿ ತಗಂಡು ಚಿಮಣಿ ಬೆನ್ನಿಗೆ ಬಾರಿಸ್ದ. ಬಿದ್ದವನ ಮೇಲೆ ಕೂತು, ಕಳ್ಳತನದಲ್ಲಿ ಕಾಲನ್ನ ರಿಂಗಿನ ಹಗ್ಗಕ್ಕೆ ಸಿಗಿಸ್ಕೊಂಡು ಒತ್ತಿದ.

ತಾತ ಎದ್ದು ನಿಂತ್ಬುಡ್ತು. "ಏಯ್! ಬಲಭುಜ ಮುಟ್ಟಿಲ್ಲ ಕಣ್ಲಾ! ಕಾಲು ನೋಡ್ಲಾ ಕುರುಡ್ ನನ್ಮಗನೇ!" ಅಂತ ಗುಡುಗಿ, ಹೆಗಲ ಮೇಲಿನ ಟವೆಲ್ ತೆಗೆದು ಟೀವಿ ಮುಂದಕ್ಕೆ ಬೀಸಿ ಎಸೀತು. ಗರಡೀಲಿ ಮೋಸ ನಡೆದ್ರೆ ಉಸ್ತಾದ್ ಅಖಾಡಕ್ಕೆ ಟವೆಲ್ ಎಸೀತಾರೆ. ಟವೆಲ್ ಬಿತ್ತು ಅಂದ್ರೆ ಇಬ್ಬರೂ ಕೈ ಬಿಡ್ಬೇಕು, ಎಂಥಾ ಪೈಲ್ವಾನ್ ಆದ್ರೂ ಸರಿ. ಚಾಚಾ ಚಾಪೆ ಮೇಲಿಂದ ಎದ್ದು ಕೈ ಕಟ್ಟಿ ನಿಂತ್ಬುಟ್ರು, ಅವರಿಗೆ ಆ ಅಭ್ಯಾಸ ಹೋಗಿರ್ಲಿಲ್ಲ. ಟೀವೀಲಿದ್ದವರು ಕೈ ಬಿಡ್ಲಿಲ್ಲ. ರೆಫ್ರಿ ಎಣಿಸ್ದ, ಒಂದು, ಎರಡು, ಮೂರು. ಮುಗೀತು. ಮೆಷಿನ್ ತಂದ್ರು. ಚಿಮಣಿ ಕೂದಲು ತೊಪ್ಪೆ ತೊಪ್ಪೆಯಾಗಿ ಬಿತ್ತು. ಅಪ್ಪ ಹೊಟ್ಟೆ ಹಿಡ್ಕೊಂಡು ನಕ್ತು. ಚಂದದ ನಗು ಅಲ್ಲ ಅದು.

ತಾತ ಟವೆಲ್ ಎತ್ಕೊಳ್ತು, ಕೊಡವಿ ಹೆಗಲಿಗೆ ಹಾಕ್ಕೊಂಡು ಚಪ್ಪಲಿ ಮೆಟ್ಕೊಳ್ತು. "ನಡಿಯಪ್ಪ, ಅಂಗಡಿ ತೆಗೆದದೆ ತಾನೆ?" ಅಂತ ಚಾಚಾನ್ನ ಕೇಳ್ತು.

ಆಗ ಅಪ್ಪನ ನಗು ನಿಂತೋಯ್ತು. "ಅಯ್ಯೋ, ತಮಾಸೆಗಂದೆ ಕಣಪ್ಪ. ನಂಗೆ ನೆನ್ನೇನೇ ಗೊತ್ತಿತ್ತು. ಅವೆಲ್ಲಾ ನಾಟಕ. ಮೊದ್ಲೇ ಮಾತಾಡ್ಕೊಂಡಿರ್ತಾರೆ."

ತಾತ ಹೊಸಲಲ್ಲಿ ನಿಂತ್ಕೊಳ್ತು. "ಅವ್ರು ನಾಟಕ ಆಡುದ್ರು, ಸರಿ. ನಾನು ಮಣ್ಣು ಮುಟ್ಟುದ್ದು ನಾಟಕವೇನ್ಲಾ?"

ಚಾಚಾನ ಅಂಗಡೀಲಿ ಸ್ನೋ, ಪೌಡರು, ಬಿಸಿನೀರಿನ ವಾಸನೆ. ತಾತ ಕುರ್ಚಿ ಮೇಲೆ ಕೂತಿತ್ತು. ಚಾಚಾನ ಕೈ ಕತ್ತೀನ ಎತ್ತೋದು, ಮತ್ತೆ ಕೆಳಗಿಡೋದು. ಅದೇ ಕೈ ಊರಿಗೆಲ್ಲಾ ಮೂವತ್ತು ವರ್ಷ ಕಣ್ಮುಚ್ಕೊಂಡು ಬೋಳಿಸಿದ ಕೈ.

"ನಕ್ಕೋ ಉಸ್ತಾದ್, ಬ್ಯಾಡ. ಈ ಮೀಸೆಗೆ ನಾನು ಎಣ್ಣೆ ಹಚ್ಚಿವ್ನಿ. ನನ್ನ ಕೈಯಲ್ಲಿ ಆಗಾಕಿಲ್ಲ."

"ಮಣ್ಣು ಮುಟ್ಟಿವ್ನಿ ಕಣೋ. ತಗಿ."

ಚಾಚಾ "ಯಾ ಅಲ್ಲಾ" ಅಂದ್ರು. ಕತ್ತಿ ಆಡ್ತು. ನಾಗಮಂಗಲದ ಕಡೆ ತುದಿ ಮೊದಲು ಬಿತ್ತು. ತುಟಿ ಮೇಲೆ ಬಿಸಿಲೇ ಕಾಣದ ಒಂದು ಬಿಳೀ ಪಟ್ಟಿ, ಬೋರ್ಡ್ ಕಿತ್ತ ಗೋಡೆಯಂಗೆ. ಅಕ್ಕ ಬಾಗಿಲಲ್ಲಿ ನಿಂತು ಬಿಕ್ಕಿ ಬಿಕ್ಕಿ ಅಳ್ತಿತ್ತು. ತಾತ ಕನ್ನಡಿ ನೋಡ್ಕೊಳ್ದೇನೇ ಇಳೀತು.

ಆಮೇಲೆ ಮನೇಲಿ ನಡೆದದ್ದು ಯಾವ ಟೀವೀಲೂ ಬರಲಿಲ್ಲ. ಅವ್ವ ಮೂರು ದಿನ ಅಪ್ಪನ ಸಾರಿಗೆ ಉಪ್ಪು ಹಾಕ್ಲಿಲ್ಲ. ಅಕ್ಕ ಹದಿನೈದು ದಿನ ಅಪ್ಪನ ಜೊತೆ ಗೋಡೆ ಮೂಲಕ ಮಾತಾಡ್ತು, "ಗೋಡೇ, ನಿಮ್ಮಪ್ಪಂಗೆ ಏಳು, ಫೀಸ್ ಕಟ್ಬೇಕಂತೆ" ಅಂತ. ನಾನು ಅಪ್ಪನ ಎಡಗಾಲಿನ ಚಪ್ಪಲೀನ ಹಳ್ಳಕ್ಕೆ ಎಸ್ದೆ. ಎಲ್ಲರಿಗಿಂತ ಜೋರಾಗಿ ಅಪ್ಪನ್ನ ಬೈದದ್ದೂ ನಾನೇ. ದೋಸೆ ವಿಷಯ ಮಾತ್ರ ಯಾರಿಗೂ ಹೇಳ್ಲಿಲ್ಲ. ಇವತ್ತಿನ ತನಕ ಹೇಳ್ಲಿಲ್ಲ. ನಿಮಗೇ ಮೊದಲು.

ತಾತ ಮತ್ತೆ ಮೀಸೆ ಬಿಡಲೇ ಇಲ್ಲ. ಕೊಟ್ಟದ್ದು ಕೊಟ್ಟಂಗೆ ಅಂತು. ಅದಕ್ಕೇ ನಿಮಗೆ ಫೋಟೋದಲ್ಲಿರೋನು ಯಾರೋ ಬೇರೆಯವನಂಗೆ ಕಾಣ್ತಾನೆ.

ಹೋದ ಭಾನುವಾರ ನಾನು ಬೈದ ಮೇಲೆ ನೀವು ಮೊಬೈಲ್ ಬಿಸಾಕಿ ಊಟಕ್ಕೆ ಓಡೋದ್ರಲ್ಲ, ತಾತ ಆ ಕಡೆಯಿಂದ ಬಂದು ನನ್ನ ಪಕ್ಕ ಕೂತ್ಕೊಳ್ತು. "ಮೊದ್ಲಿಂದ ಆಕ್ಲಾ" ಅಂತು. ಹಾಕ್ದೆ. ಅಂಗೈಯಷ್ಟು ಪರದೇಲಿ ಚಿಮಣಿ ಹೊಗೆಯಿಂದ ಬಂದ, ಬೆಂಕಿಕಡ್ಡಿಯಷ್ಟಾಗಿದ್ದ. ತಾತ ಕಣ್ಣು ಕಿರಿದು ಮಾಡಿ ನೋಡ್ತಾ ನೋಡ್ತಾ, ನನ್ನ ಕಡೆ ತಿರುಗದೇನೇ ಕೇಳ್ತು.

"ಆವತ್ತು ನಿಂಗೂ ಗೊತ್ತಿತ್ತು ಅಲ್ವೇನ್ಲಾ?"

ನಾನು ಮತ್ತೆ ಅಂಗಿ ಗುಂಡಿ ನೋಡ್ಕೊಂಡೆ. "ಯಾರು ಏಳುದ್ರು ತಾತ?"

"ಯಾರೂ ಏಳ್ಳಿಲ್ಲ. ಮಣ್ಣು ಮುಟ್ಟಿ ನಿನ್ನ ಮಖ ನೋಡ್ದೆ. ಎಮ್ಮೆ ಎದರುಸೋ ಗಂಟ್ಲು, ಆವತ್ತು ಒಂದ್ಸಲಾನೂ ಕೂಗ್ಲಿಲ್ಲ. ಅಲ್ಲೇ ಗೊತ್ತಾಯ್ತು, ಸೋಲ್ತಾನೆ ಅಂತ."

"ಗೊತ್ತಾಗೂ ಟವೆಲ್ ಎಸೆದ್ಯಾ?"

"ನೋಡ್ತಾ ನೋಡ್ತಾ ಗೆದ್ದುಬುಡ್ತಾನೇನೋ ಅನ್ಸುಬುಡ್ತು ಕಣ್ಲಾ." ತಾತ ಬರೀ ತುಟಿ ಮೇಲೆ ಬೆರಳಾಡಿಸ್ತು, ಮೀಸೆ ತಿರುವೋ ಹಂಗೆ. ಆಮೇಲೆ ಮೊಣಕೈಲಿ ನನ್ನ ಪಕ್ಕೆಗೆ ತಿವೀತು. "ಇವತ್ತಾದ್ರೂ ಕೂಗ್ಲಾ."

ಕೂಗ್ದೆ. ನಿಮ್ಮ ತಟ್ಟೇಲಿದ್ದ ಮುದ್ದೆ ಅಲ್ಲಾಡ್ತು ಅಂತ ಓಡ್ಬಂದ್ರಲ್ಲ, ಅದು ಅದೇ ಕೂಗು.

ನಾವು ಒಂದು ವಾರ ಉಗುರು ಕಚ್ಕೊಂಡು, ಚಾಪೆ ಮೇಲೆ ಒತ್ಕೊಂಡು, ಮನೆಯವರೆಲ್ಲಾ ಒಂದೇ ಪರದೆ ಮುಂದೆ ಕೂತು ಒಂದೇ ಸಲ ಸೋಲ್ತಿದ್ವಿ. ನಿಮಗೆ ಕೈಲೇ ಕುಸ್ತಿ, ಹೆಬ್ಬೆರಳಲ್ಲಿ ಎಳೆದ್ರೆ ಕೊನೆ ಮೊದಲೇ ಬರುತ್ತೆ, ನಕ್ಕು ಮುಂದಿನದಕ್ಕೆ ಹೋಗ್ತೀರ. ಯಾರು ಗೆದ್ರೂ ನಿಮ್ಮ ಮನೇದೊಂದು ಕೂದಲೂ ಅಲ್ಲಾಡಲ್ಲ. ನಂಗೆ ಸಿಟ್ಟು ಬರೋದು ಅದಕ್ಕೇ.

ಈ ಭಾನುವಾರ ಆರಕ್ಕೆ ಕಾಲು ತೊಳ್ಕೊಂಡು ಬನ್ನಿ. ತಾತ ಡಬ್ಬ ತೆಗೆಯುತ್ತೆ. ಮೊದಲಿಂದ ಹಾಕ್ತೀನಿ. ಯಾವನಾದ್ರೂ ಹೆಬ್ಬೆರಳಲ್ಲಿ ಮುಂದಕ್ಕೆ ಓಡ್ಸಿದ್ರೋ, ಚಾಚಾನ ಅಂಗಡಿ ಭಾನುವಾರ ಎಂಟರ ತನಕ ತೆಗೆದಿರುತ್ತೆ. ನಿಮ್ಮ ಮೂರೂ ತಲೆಗೆ ಹತ್ತು ನಿಮಿಷ ಸಾಕು.