ಹಡಗು ಇಳಿದ ಮೇಲಿನ ಎರಡು ದಿನ

ನಮ್ಮ ಮನೆಯವರದು ಸಾಂಗಲಿ ಜಿಲ್ಲೆಯ ಸಂಖದಲ್ಲಿ ಗೊಬ್ಬರ ಮತ್ತು ಬೆಳೆಯ ಔಷಧದ ಅಂಗಡಿ. ಸುತ್ತಲಿನ ಊರುಗಳಲ್ಲಿ ದ್ರಾಕ್ಷಿ, ದಾಳಿಂಬೆ ಹಾಕುವವರು ಹೆಚ್ಚಾದ ಮೇಲೆ ಅಂಗಡಿ ಕುದುರಿತು. ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಕಂಪನಿಯವರು ವರ್ಷಕ್ಕೊಮ್ಮೆ ಎಲ್ಲಿಗಾದರೂ ಟೂರಿಗೆ ಕರೆದೊಯ್ಯುತ್ತಾರೆ. ಅದುವರೆಗಿನ ಟೂರುಗಳೆಲ್ಲ ಗಂಡಸರಿಗಷ್ಟೇ ಇದ್ದವು. ಆ ವರ್ಷ ಮಾತ್ರ ಹೆಂಡತಿಯರನ್ನೂ ಕರೆತನ್ನಿ ಎಂದರು. ಮುಂಬೈಯಿಂದ ಗೋವಾಕ್ಕೆ ಹೋಗಿ ಮತ್ತೆ ಮುಂಬೈಗೇ ತಿರುಗಿ ಬರುವ ದೊಡ್ಡ ಹಡಗು.

ಹಡಗಿನ ಸುದ್ದಿ ಕೇಳಿ ನನ್ನ ನಾದಿನಿಯರು, ನೆರೆಮನೆಯವರು ಹೊಟ್ಟೆಕಿಚ್ಚು ಪಟ್ಟು ಮಾತಾಡಿದರು. ನನ್ನ ಮನಸ್ಸು ಮಾತ್ರ ಹಡಗಿನ ಮೇಲೆ ಇರಲಿಲ್ಲ, ಹಡಗು ಇಳಿದ ಮೇಲಿನ ದಿನಗಳ ಮೇಲೆ ಇತ್ತು. ಮದುವೆಯಾಗಿ ಮೂವತ್ತು ವರ್ಷಕ್ಕೆ ಬಂದರೂ ನಾವಿಬ್ಬರೇ ಎಲ್ಲಿಗೂ ಹೋದವರಲ್ಲ. ಶ್ರೀಶೈಲಕ್ಕೆ ಹೋದಾಗ ಅತ್ತೆ ಮಾವ ಇದ್ದರು, ವಿಜಯಪುರಕ್ಕೆ ಹೋದಾಗ ಮಕ್ಕಳು ಮತ್ತು ಮೈದುನನ ಮಕ್ಕಳು, ಪಂಢರಪುರಕ್ಕೆ ಹೋದಾಗ ಒಂದು ಟೆಂಪೋ ತುಂಬ ಮಂದಿ. ದೊಡ್ಡ ಮನೆ, ಒಟ್ಟಿಗಿರುವ ಸಂಸಾರ. ಅದರ ಬಗ್ಗೆ ನನ್ನ ತಕರಾರಿಲ್ಲ. ಮಕ್ಕಳ ಮದುವೆಯಾಗಿ, ಕೆಲಸ ಸ್ವಲ್ಪ ಹಗುರಾದ ಮೇಲೆ, ಒಂದೆರಡು ದಿನ ಈ ಮನುಷ್ಯನ ಜೊತೆ ಸುಮ್ಮನೆ ಅಡ್ಡಾಡಬೇಕು ಅನ್ನಿಸಿತ್ತು, ಅಷ್ಟೇ. ಘಾರಾಪುರಿಯ ಗವಿಗಳನ್ನೂ ನೋಡುವ ಆಸೆಯಿತ್ತು. ಸಾಲಿಯ ಇತಿಹಾಸದ ಪುಸ್ತಕದಲ್ಲಿ ಕಂಡಿದ್ದ, ಕಲ್ಲಿನಲ್ಲಿ ಕಡೆದ ಮೂರು ಮುಖದ ಶಿವ ಅಲ್ಲಿರುವುದು. ಮುಂಬೈಯಿಂದ ದೋಣಿಯಲ್ಲಿ ಒಂದು ತಾಸಿನ ದಾರಿ ಎಂದು ಕೇಳಿದ್ದೆ.

ಹಡಗು ಇಳಿದ ಮೇಲೆ ಎರಡು ದಿನ ಮುಂಬೈಯಲ್ಲೇ ಉಳಿಯೋಣ ಎಂದು ಊರಲ್ಲಿ ಮಾತು ತೆಗೆದಾಗಲೆಲ್ಲ ಅವರು "ನೋಡೂಣು" ಎಂದರು. ನಮ್ಮ ಮನೆಯಲ್ಲಿ "ನೋಡೂಣು" ಎಂದರೆ ಇಲ್ಲ ಎಂದೇ ಅರ್ಥ.

ಹಡಗಿನಲ್ಲಿ ಗಂಡಸರಿಗೆ ಹಗಲು ಕಂಪನಿಯ ಸಭೆ, ಸಂಜೆ ಇಸ್ಪೀಟು. ಹೆಂಗಸರನ್ನು ಬೇರೆ ಕೂಡಿಸಿ ಆಟ ಆಡಿಸಿದರು, ಹಾಡು ಹಾಕಿ ಕುಣಿಸಿದರು. ನಮ್ಮ ಖೋಲಿಗೆ ಒಂದು ಗುಂಡು ಕಿಟಕಿಯಿತ್ತು. ಅದರ ಎದುರು ನಾನು ಒಬ್ಬಳೇ ಕೂತು ನೀರು ನೋಡಿದೆ. ಅವರು ಮಲಗುವುದಕ್ಕಷ್ಟೇ ಅಲ್ಲಿಗೆ ಬರುತ್ತಿದ್ದರು. ಎರಡನೆಯ ದಿನ ಊಟದ ಮೇಜಿನಲ್ಲಿ, ಹತ್ತು ಮಂದಿಯ ಎದುರು, ನಾನು ಮತ್ತೆ ಆ ಮಾತು ಎತ್ತಿದೆ. ತಾಸಗಾವ ಕಡೆಯ ಅಂಗಡಿಯವರೊಬ್ಬರು ಮರಾಠಿಯಲ್ಲಿ ನಗೆಯಾಡಿದರು. ಅತ್ತಿಗೆ ಇಷ್ಟು ಕೇಳುತ್ತಿದ್ದಾರೆ, ಎರಡು ದಿನ ಉಳಿದುಕೊಳ್ಳಿ, ಹೆಂಡತಿಯ ಜೊತೆ ಒಬ್ಬರೇ ಇರಲು ಅಷ್ಟು ಅಂಜುತ್ತೀರೇನು ಎಂದರು. ಎಲ್ಲರೂ ನಕ್ಕರು. ಇವರೂ ನಕ್ಕು, ಎದೆ ಸೆಟೆಸಿ, "ಉಳಿಯೂಣಲ್ಲ, ಅದರಾಗೇನೈತಿ" ಎಂದುಬಿಟ್ಟರು. ಆ ಒಪ್ಪಿಗೆ ಮೇಜಿನ ಸುತ್ತ ಕೂತವರಿಗೆ ಕೊಟ್ಟದ್ದು. ಅಂದು ನನಗದು ತಿಳಿಯಲಿಲ್ಲ. ಸಂತೋಷದಲ್ಲಿ ಎರಡು ಜಿಲೇಬಿ ಹೆಚ್ಚಿಗೆ ತಿಂದೆ.

ರವಿವಾರ ಬೆಳಿಗ್ಗೆ ಹಡಗು ಮುಂಬೈ ಮುಟ್ಟಿತು. ಸಾಂಗಲಿಗೆ ಹೋಗುವ ಕಂಪನಿಯ ಬಸ್ಸು ಬಂದರದ ಹೊರಗೆ ನಿಂತಿತ್ತು. ಎಲ್ಲರೂ ಹತ್ತಿದರು. ಕೈ ಬೀಸಿದರು. ಬಸ್ಸು ಹೋದ ಮೇಲೆ ನಾನು ಇವರ ಮುಖ ನೋಡಿದೆ. ಸಾಲಿ ಬಿಟ್ಟ ಮೇಲೆ ಕರೆದೊಯ್ಯಲು ಯಾರೂ ಬಾರದ ಮಗುವಿನಂತೆ ನಿಂತಿದ್ದರು.

ಅಲ್ಲೇ ಒಂದು ಮಾರ್ಕೆಟ್ಟಿನ ಹತ್ತಿರ ಅವರಿಗೆ ಗುರುತಿನ ಲಾಡ್ಜ್ ಇತ್ತು. ಖೋಲಿಯ ಕಿಟಕಿ ತೆರೆದರೆ ಎದುರಿನ ಕಟ್ಟಡದ ಗೋಡೆ, ಅದರ ಮೇಲೆ ನೀರು ತೊಟ್ಟಿಕ್ಕುವ ಪೈಪುಗಳು. ಇರಲಿ, ಖೋಲಿಯಲ್ಲಿ ಕೂಡುವುದಕ್ಕೆ ಯಾರು ಬಂದಿದ್ದಾರೆ ಎಂದುಕೊಂಡೆ. ಸ್ನಾನ ಮಾಡಿ, ಹಡಗಿನಲ್ಲೂ ಉಡದೆ ಇಟ್ಟುಕೊಂಡಿದ್ದ ಇಳಕಲ್ ಸೀರೆ ಉಟ್ಟು ಹೊರಬಂದರೆ ಇವರು ಹಾಸಿಗೆಯ ಮೇಲೆ ಕೂತು ಫೋನಿನಲ್ಲಿದ್ದರು. ಮೊದಲು ಅಂಗಡಿಯಲ್ಲಿದ್ದ ತಮ್ಮನಿಗೆ, ಗಂಧಕದ ಚೀಲ ಯಾವ ಮೂಲೆಯಲ್ಲಿದೆ ಎಂದು. ಆಮೇಲೆ ಇನ್ನೊಬ್ಬರಿಗೆ. ಫೋನು ಇಟ್ಟಾಗ ಮುಖಕ್ಕೆ ಕಳೆ ಬಂದಿತ್ತು.

"ಕೇಳಿದಿ? ನಮ್ಮ ಡಫಳಾಪುರದಾವ ವಾಶಿ ಮಾರ್ಕೆಟ್ನ್ಯಾಗ ದಲಾಲಿ ಮಾಡ್ತಾನಲ್ಲ, ದಾಳಿಂಬ್ರಿದು. ಕಾರ ತಗೊಂಡ ಬರಾಕತ್ಯಾನ. ಅವರ ಮನಿಗಿ ಊಟಕ್ಕ ಹೋಗೂದು."

"ಇವತ್ತ ಘಾರಾಪುರಿಗಿ ಹೋಗೂದಿತ್ತಲ್ರಿ?"

"ನಾಳಿ ಇಡೀ ದಿನಾ ಐತೆಲ್ಲ. ಗವಿ ಎಲ್ಲೆ ಓಡಿ ಹೋಗ್ತಾವು?"

ದಲಾಲರು ಒಳ್ಳೆಯವರು. ಅವರ ಹೆಂಡತಿಯೂ ಒಳ್ಳೆಯವಳು. ಹನ್ನೆರಡನೆಯ ಮಾಳಿಗೆಯ ಮನೆ. ನಾನು ಒಳಗೆ ಕಾಲಿಟ್ಟದ್ದೇ ಆಕೆ ಕೈ ಹಿಡಿದುಕೊಂಡು ಅಡುಗೆಮನೆಗೆ ಕರೆದೊಯ್ದಳು.

"ವೈನಿ, ಸಿಟ್ಟಾಗಬ್ಯಾಡ್ರಿ, ಒಂದ ಮಾತ ಕೇಳ್ತೀನಿ. ನನಗ ರೊಟ್ಟಿ ಬಡ್ಯಾಕ ಚಲೋ ಬರೂದಿಲ್ರಿ. ಇಲ್ಲೇ ಹುಟ್ಟಿ ಬೆಳದಾಕಿ ನಾ. ಇವ್ರು ಊರಿನ ಕೈರೊಟ್ಟಿ ತಿಂದು ಭಾಳ ದಿನಾ ಆತ್ರಿ. ನಿಮ್ಮ ಕೈಲೆ ನಾಕ ಬಡೀತೀರೇನ್ರಿ?"

ಇಲ್ಲವೆನ್ನುವುದು ಹೇಗೆ? ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ, ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿದೆ. ನಾಲ್ಕು ಎಂದದ್ದು ಒಂದು ಬುಟ್ಟಿಯಾಯಿತು, ಏಕೆಂದರೆ ದಲಾಲರ ಇಬ್ಬರು ಗೆಳೆಯರೂ ಬಂದರು. ನಮ್ಮ ಸೀಮೆಯ ಸೋನ್ಯಾಳ ಎಂಬ ಊರಿನವರಂತೆ. ಅವರನ್ನೂ ಇವರೇ ಫೋನು ಮಾಡಿ ಕರೆಸಿದ್ದು. ಹೊರಗೆ ಮಳೆಯ ಮಾತು, ಮಾಲಿನ ಮಾತು, ಊರಿನ ಚುನಾವಣೆಯ ಮಾತು, ನಗು. ನನ್ನ ರೊಟ್ಟಿಯ ಸಪ್ಪಳದಲ್ಲಿ ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ. ಅಡುಗೆಮನೆಯ ಕಿಟಕಿಯಿಂದ ದೂರದಲ್ಲಿ, ಸಮುದ್ರ ನೆಲದೊಳಗೆ ಚಾಚಿದ ಖಾಡಿಯ ಬೂದು ನೀರು ಒಂದು ಗೆರೆಯಷ್ಟು ಕಾಣುತ್ತಿತ್ತು. ಹಡಗು ಇಳಿದ ಮೇಲೆ ರವಿವಾರ ನಾನು ಕಂಡ ಸಮುದ್ರ ಅಷ್ಟೇ. ಉಂಡವರೆಲ್ಲ ರೊಟ್ಟಿ ಹೊಗಳಿದರು. ಇವರು ಜಂಬದಿಂದ, "ನಮ್ಮ ಮನ್ಯಾಗ ದಿನಾ ಇವ ರೊಟ್ಟಿ" ಎಂದರು.

ಸಂಜೆ ಲಾಡ್ಜಿಗೆ ಬಂದ ಮೇಲೆ ಸಮುದ್ರದ ದಂಡೆಗಾದರೂ ಹೋಗೋಣ ಎಂದೆ. ಕಾಲು ನೋಯುತ್ತವೆ ಎಂದು ಟಿ.ವಿ. ಹಚ್ಚಿ ಮಲಗಿದರು.

ಸೋಮವಾರ ಬೆಳಿಗ್ಗೆ ನಾನೇ ಲಗೂನ ಎಬ್ಬಿಸಿ ಹೊರಡಿಸಿದೆ. ಟ್ಯಾಕ್ಸಿಯಲ್ಲಿ, ದೋಣಿಗಳು ಹೊರಡುವ ಗೇಟ್‌ವೇ ಮುಟ್ಟಿದಾಗ ಪಾರಿವಾಳಗಳ ನಡುವೆ ಮಂದಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನೀರಿನಲ್ಲಿ ದೋಣಿಗಳು ಸಾಲಾಗಿ ತೂಗುತ್ತಿದ್ದವು. ಟಿಕೀಟು ಕೊಡುವವನ ಹತ್ತಿರ ನಾನೇ ಹೋಗಿ ಮರಾಠಿಯಲ್ಲಿ ಘಾರಾಪುರಿಗೆ ಎರಡು ಕೊಡಿ ಎಂದೆ. ಅವನು ತಲೆ ಎತ್ತದೆ, ಸೋಮವಾರ ಗವಿಗಳು ಬಂದ್ ಇರುತ್ತವೆ ತಾಯಿ, ಬೇಕಾದರೆ ಬಂದರದಲ್ಲೇ ಅರ್ಧ ತಾಸು ಒಂದು ಸುತ್ತು ಹಾಕಿಸುವ ದೋಣಿ ಇದೆ ಎಂದ.

ನಮ್ಮ ಮನೆಯಲ್ಲಿ ಸೋಮವಾರ ಒಪ್ಪತ್ತು ಮಾಡುತ್ತೇವೆ, ಶಿವನ ವಾರ ಎಂದು. ಆ ವಾರವೇ ಅಲ್ಲಿ ಬಾಗಿಲು ಹಾಕುತ್ತಾರೆ ಎಂದರೆ ನನಗೆ ತಿಳಿಯುವುದಾದರೂ ಹೇಗೆ? ಹಿಂದೆ ಬಂದು ನಿಂತಿದ್ದ ಇವರಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಹೌದು, ನಿನ್ನಿ ದಲಾಲ ಅಂದಿದ್ದ. ನಾಳಿ ಬಂದ್ ಇರ್ತೈತಿ, ಹೋಗೂದಿದ್ರ ಇವತ್ತ ಹೋಗ್ರಿ, ನಾನ ಬಿಟ್ಟ ಬರ್ತೀನಿ ಅಂತ."

"ಮತ್ತ ನೀವೇನಂದ್ರಿ?"

"ಊಟದ ಹೊತ್ತಾಗಿತ್ತು. ಇರ್ಲಿ ಬಿಡೋ ಅಂದೆ."

"ನನಗ ಹೇಳಬೇಕಂತ ಅನಸಲಿಲ್ಲೇನ್ರಿ?"

"ಹೇಳಿದ್ರ ನೀ ಅಲ್ಲೇ ಮಾರಿ ಸಣ್ಣ ಮಾಡತಿದ್ದಿ, ಮಂದ್ಯಾಗ. ಈಗೇನಾತು? ಬಂದ್ ಐತಿ ಅಂದ್ರ ನಾ ಏನ ಮಾಡ್ಲಿ? ಕಲ್ಲ ಅವ ತಗೋ."

ನಾನು ಅಳಲಿಲ್ಲ. ಅಳು ಬಂದಿದ್ದರೆ ಚೆನ್ನಾಗಿತ್ತು. ದಂಡೆಯ ಕಟ್ಟೆಯ ಮೇಲೆ ಹೋಗಿ ಕೂತೆ. ಅವರೂ ಬಂದು ಒಂದು ಮಾರು ಬಿಟ್ಟು ಕೂತರು. ಅವರು ಕಿಸೆಯಿಂದ ಫೋನು ತೆಗೆಯುವುದು, ಯಾರ ಹೆಸರಾದರೂ ಸಿಗುತ್ತದೇನೋ ಎಂದು ಬೆರಳಿನಿಂದ ಸರಿಸುತ್ತ ಹೋಗುವುದು, ಮತ್ತೆ ಕಿಸೆಯಲ್ಲಿಡುವುದು. ಅದನ್ನು ನೋಡುತ್ತ ನೋಡುತ್ತ ನನಗೆ ಹಿಂದಿನ ದಿನದ್ದೆಲ್ಲ ಸರಿಯಾಗಿ ಅರ್ಥವಾಯಿತು. ದಲಾಲರು ಇವರನ್ನು ಊಟಕ್ಕೆ ಕರೆದಿರಲಿಲ್ಲ. ಇವರೇ ಫೋನು ಮಾಡಿ ಕರೆಸಿಕೊಂಡಿದ್ದರು. ನೀರಿಗೆ ಬಿದ್ದವನು ಹಗ್ಗಕ್ಕೆ ಕೈ ಚಾಚಿದ ಹಾಗೆ.

ಕೇಳಿದೆ. "ನಿಮಗ ನನ್ನ ಮ್ಯಾಲ ಸಿಟ್ಟ ಐತೇನ್ರಿ?"

"ಸಿಟ್ಟ ಯಾಕ?"

"ಮತ್ತ ಎರಡ ದಿನಾ ನನ್ನ ಕೂಡ ಇರೂದು ನಿಮಗ ಯಾಕ ಆಗವಲ್ದು?"

ಅವರು ನನ್ನ ಕಡೆ ನೋಡಿದರು. ಸುಳ್ಳು ಹೇಳುವ ಮನುಷ್ಯನಲ್ಲ ಅವರು. ಯೋಚನೆ ಮಾಡಿಯೇ ಹೇಳಿದರು.

"ಸಿಟ್ಟಿಲ್ಲ, ಏನಿಲ್ಲ. ಖರೇನ ಹೇಳ್ಬೇಕಂದ್ರ ಇಬ್ಬರ ಕುಂತ್ರ ನನಗ ಹೊತ್ತ ಹೋಗೂದಿಲ್ಲ. ನಿನ್ನ ಕೂಡ ಏನ ಮಾತಾಡೂದೈತಿ? ಮನ್ಯಾಗ ಆಗೇ ಆಗ್ತಾವಲ್ಲ ಎಲ್ಲಾ ಮಾತು."

ಯಾವ ಮಾತು? ಸಿಲಿಂಡರ್ ಮುಗಿಯಿತು, ಅತ್ತೆಯ ಗುಳಿಗೆ ತರಬೇಕು, ಬೀಗರ ಮನೆಯ ಕಾರ್ಯಕ್ಕೆ ಯಾರು ಹೋಗುವುದು. ಅವರ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಮನೆಗೆ ಹೋಗುವಷ್ಟರಲ್ಲಿ ಮರೆಯುತ್ತಿದ್ದೆ. ಇದನ್ನು ಏನು ಮಾಡುವುದು? ಬಿಸಿಲು ಬಹಳ ಇದೆ ಎನ್ನುವಷ್ಟು ಸಹಜವಾಗಿ ಹೇಳಿದ್ದರು.

ನಾನು ಎದ್ದು ಟಿಕೀಟಿನವನ ಹತ್ತಿರ ಹೋಗಿ, ಬಂದರ ಸುತ್ತುವ ದೋಣಿಗೆ ಒಂದೇ ಟಿಕೀಟು ತೆಗೆದುಕೊಂಡೆ. ಅವರು ಕೂತಲ್ಲಿಂದಲೇ, "ಹೋಗಿ ಬಾ, ನಾ ಇಲ್ಲೇ ಇರ್ತೀನಿ, ಮೂರ ದಿನಾ ಹಡಗಿನ್ಯಾಗ ಇದ್ದು ಸಾಕಾಗೇತಿ" ಎಂದರು. ಹಡಗಿನ ಮೇಲೆ ನಿಂತು ಅವರು ಒಮ್ಮೆಯಾದರೂ ನೀರು ನೋಡಿದ್ದನ್ನು ನಾನು ಕಂಡಿರಲಿಲ್ಲ.

ದೋಣಿಯ ಮೇಲಂತಸ್ತಿನಲ್ಲಿ ಜೋಡಿಗಳು, ಮಕ್ಕಳನ್ನು ಕಟ್ಟಿಕೊಂಡು ಬಂದ ಸಂಸಾರಗಳು. ಒಬ್ಬಳೇ ಕೂತವಳು ನಾನು ಮಾತ್ರ. ಗಾಳಿಗೆ ಡೀಸೆಲ್ ವಾಸನೆಯಿತ್ತು. ನೀರು ಹಸಿರೂ ಅಲ್ಲ, ನೀಲಿಯೂ ಅಲ್ಲ, ಪ್ಲಾಸ್ಟಿಕ್ ತೇಲುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು ದೂರದ ಒಂದು ಮಸುಕು ಗುಡ್ಡ ತೋರಿಸಿ ಗಂಡನಿಗೆ ಅದೇ ಘಾರಾಪುರಿ ಇರಬೇಕು ಎಂದಳು. ಗಂಡ ಅಲ್ಲ ಎಂದ. ಇಬ್ಬರೂ ಅದರ ಮೇಲೆ ಜಗಳಾಡಿದರು, ಹೆಂಡತಿ ಅವನ ಭುಜಕ್ಕೆ ಹೊಡೆದಳು, ಆಮೇಲೆ ಒಂದೇ ಪೊಟ್ಟಣದಿಂದ ಶೇಂಗಾ ತಿಂದರು. ನಾನು ಆ ಗುಡ್ಡದ ಕಡೆ ನೋಡಲಿಲ್ಲ. ಅವರಿಬ್ಬರ ಜಗಳವನ್ನೇ ನೋಡುತ್ತ ಕೂತೆ. ಹೊಟ್ಟೆ ಉರಿಯಿತು. ಆ ವಯಸ್ಸಿನಲ್ಲಿ ಅಪರಿಚಿತರ ಶೇಂಗಾ ನೋಡಿ ಹೊಟ್ಟೆ ಉರಿದುಕೊಂಡೆ ಎಂದು ಈಗಲೂ ನಾಚಿಕೆಯಿಲ್ಲದೆ ಬರೆಯುತ್ತೇನೆ.

ದೋಣಿ ತಿರುಗಿ ಬಂದಾಗ ಕಟ್ಟೆಯ ಮೇಲೆ ಇವರು ಕಾಣಲಿಲ್ಲ. ಹುಡುಕಿದರೆ ಚಹಾ ಮಾರುವವನ ಹತ್ತಿರ ನಿಂತಿದ್ದರು. ಜೊತೆಗೆ ಒಬ್ಬ ಗುರುತಿಲ್ಲದ ಮನುಷ್ಯ. ಇಬ್ಬರೂ ಕೈ ಕೈ ತಟ್ಟಿ ನಗುತ್ತಿದ್ದರು. ಆ ಮೂರ್ನಾಲ್ಕು ದಿನಗಳಲ್ಲಿ ಇವರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

"ಬಾ ಬಾ, ನೋಡಿಲ್ಲೆ, ನಮ್ಮ ಮಂದಿ! ಮಿರಜದವ್ರು. ನಮ್ಮ ಅಂಗಡಿಗಿ ಮಾಲ ಹಾಕ್ತಾನಲ್ಲ, ಅವನ ಖಾಸ ಕಾಕಾನ ಮಗಾ ಅಂತ. ಎಲ್ಲೆ ಬಂದ ಗಂಟ ಬಿದ್ರ ನೋಡು!"

ಆ ಮನುಷ್ಯ ನನಗೆ ನಮಸ್ಕಾರ ಮಾಡಿದ. ನಾನೂ ಮಾಡಿದೆ. ಅವನು ನಮ್ಮ ಜೊತೆಗೇ ಊಟಕ್ಕೆ ಬಂದ, ಸಂಜೆ ಬಸ್ಸಿನ ತನಕವೂ ಜೊತೆಗಿದ್ದ. ನಾನು ಬೇಡ ಎನ್ನಲಿಲ್ಲ. ಅವನಿಲ್ಲದಿದ್ದರೆ ಆ ಮಧ್ಯಾಹ್ನವನ್ನು ನಾವಿಬ್ಬರೂ ಹೇಗೆ ಕಳೆಯುತ್ತಿದ್ದೆವೋ, ಅದೂ ಗೊತ್ತಿರಲಿಲ್ಲ.

ಊರಿಗೆ ಬಂದ ಮೇಲೆ ವಾರಗಟ್ಟಲೆ ಅಂಗಡಿಯಲ್ಲಿ ಮುಂಬೈಯದೇ ಮಾತು. "ಹಡಗ ಇಳದ ಮ್ಯಾಲ ಎರಡ ದಿನಾ ನಾವಿಬ್ಬರ ಉಳದ್ವಿ. ಮುಂಬೈ ಪೂರಾ ತಿರಗಿದ್ವಿ" ಎಂದು ಬಂದವರಿಗೆಲ್ಲ ಹೇಳಿದರು. ಕೇಳಿದವರು ನನ್ನನ್ನು ಕಂಡಾಗ, "ಭಾಳ ನಶೀಬವಾನ ಇದ್ದೀರಿ ಬಿಡ್ರಿ" ಎನ್ನುತ್ತಿದ್ದರು. ಮಗಳು ಫೋನಿನಲ್ಲಿ ಹೇಗಿತ್ತು ಎಂದಳು. ಚಲೋ ಇತ್ತು ಎಂದೆ. ಅವಳು ಹೊಸದಾಗಿ ಮದುವೆಯಾದವಳು, ಅವಳಿಗೆ ಇದನ್ನೆಲ್ಲ ಏನೆಂದು ಹೇಳುವುದು?

ಮುಂದಿನ ವರ್ಷ ಕಂಪನಿಯವರು ಕೇರಳಕ್ಕೆ ಕರೆದರು, ಮತ್ತೆ ಜೋಡಿಯಾಗಿ. ಜೋಡಿ ಬರದಿದ್ದರೆ ಮನೆಯ ಬೇರೆ ಯಾರಾದರೂ ನಡೆಯುತ್ತದೆ ಎಂದಿದ್ದರು. ನಿಮ್ಮ ತಮ್ಮನನ್ನು ಕರೆದುಕೊಂಡು ಹೋಗಿ, ಅಂಗಡಿಯಲ್ಲಿ ನಾನು ಕೂಡುತ್ತೇನೆ ಎಂದೆ. ಯಾಕೆ ಎಂದು ಕೇಳುತ್ತಾರೇನೋ ಎಂದು ಒಂದು ಗಳಿಗೆ ಕಾದೆ. "ಹಂಗ ಮಾಡೂಣು, ಅವನೂ ಎಲ್ಲೂ ಹೋಗಿಲ್ಲ" ಎಂದು ಕೂಡಲೇ ಒಪ್ಪಿದರು.

ಕೇರಳದಿಂದ ಅವರು ದಿನಾ ಸಂಜೆ ಅಂಗಡಿಗೆ ಫೋನು ಮಾಡಿದರು. ಮೊದಲ ದಿನ ಮಾಲಿನ ವಿಚಾರ ಕೇಳಿದರು. ಎರಡನೆಯ ದಿನದಿಂದ ಅದೂ ಇಲ್ಲ, ಬರೀ ಅಲ್ಲಿಯ ಸುದ್ದಿ. ದೋಣಿಯೇ ಮನೆಯಂತಿದೆ, ಅದರಲ್ಲೇ ಮಲಗುವುದು, ನೀರಿನಲ್ಲಿ ಬಾತುಕೋಳಿಗಳು ಹಿಂಡು ಹಿಂಡಾಗಿ ಬರುತ್ತವೆ, ಅನ್ನಕ್ಕೆ ದಪ್ಪ ಕೆಂಪು ಅಕ್ಕಿ, ಎಲ್ಲದಕ್ಕೂ ತೆಂಗಿನಕಾಯಿ, ನಿನಗೆ ಹಿಡಿಸುತ್ತಿರಲಿಲ್ಲ, ಅಥವಾ ಹಿಡಿಸುತ್ತಿತ್ತೋ ಏನೋ. ಮಾತಿನ ಮೇಲೆ ಮಾತು. ಎದುರಿಗೆ ಕೂತು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವರು ನನಗೆ ಹಾಗೆ ಹೇಳಿದ್ದಿಲ್ಲ. ನಡುವೆ ಇಷ್ಟೊಂದು ದೂರ ಬಿದ್ದ ಮೇಲೆ ಅವರಿಗೆ ನನ್ನ ಕೂಡ ಹೊತ್ತು ಹೋಗುತ್ತಿತ್ತು.

ಮೂರನೆಯ ಸಂಜೆ ಅವರು ಯಾವುದೋ ಜಲಪಾತದ ಬಗ್ಗೆ ಹೇಳುತ್ತಿದ್ದರು. ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಬಾಗಿಲ ಹೊರಗೆ ಗೊಬ್ಬರದ ಚೀಲಗಳ ಮೇಲೆ ಬಿಸಿಲು ಇಳಿಯುತ್ತಿತ್ತು.

"ಗಿರಾಕಿ ಬಂದಾರ್ರಿ, ಇಡ್ತೀನಿ" ಎಂದೆ. ಇಟ್ಟುಬಿಟ್ಟೆ.