ಇಪ್ಪತ್ತೇಳನೇ ಕಂಬದ ಬೋರ್ಡು

ಫ್ರೌಕೆ ನಮ್ಮೂರಿನ ಅಂಚೆಯವಳಾಗಿದ್ದಳು. ಮೂವತ್ತೊಂದು ವರ್ಷ ಎದುರುಗಾಳಿಗೆ ಸೈಕಲ್ ತುಳಿದು ಮನೆಮನೆಗೂ ಕಾಗದ ಹಂಚಿದವಳು. ನಲವತ್ತೆಂಟಕ್ಕೆ ಕ್ಯಾನ್ಸರ್ ಬಂದು ಎಡ ಮೊಲೆ ತೆಗೆದರು. ಆಮೇಲೆ ಗಂಡನೆದುರು ಕೂಡ ಅವಳು ಅಂಗಿ ಬಿಚ್ಚಲಿಲ್ಲ. ಬಿಚ್ಚುತ್ತಿದ್ದದ್ದು ಒಂದೇ ಕಡೆ, ಕಡಲತೀರದುದ್ದಕ್ಕೂ ಗುರುತಿಗೆ ನೆಟ್ಟ ಕಂಬಗಳಲ್ಲಿ ಇಪ್ಪತ್ತೇಳನೇ ನಂಬರಿನದರಾಚೆ. ಅಲ್ಲಿ ನಾವೆಲ್ಲ ಬೆತ್ತಲೆ ಈಜುವವರು. ಜೋಲು ಹೊಟ್ಟೆ, ಹೊಲಿಗೆ ಹಾಕಿದ ಗಾಯ, ಯಾರದನ್ನೂ ಯಾರೂ ನೋಡುತ್ತಿರಲಿಲ್ಲ. ಇದಕ್ಕೆ ಅಪ್ಪಣೆಯೇನೂ ಇರಲಿಲ್ಲ. ಪುರಸಭೆಯವರಿಗೆ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇದ್ದರು. ನಮ್ಮ ಹಾಲೆಂಡಿನಲ್ಲಿ ಅರ್ಧ ವ್ಯವಹಾರ ನಡೆಯುವುದೇ ಹೀಗೆ.

ಹೋದ ವರ್ಷ ನಾಯಿ ಹಿಡಿದುಕೊಂಡು ಬಂದ ಒಬ್ಬ ಪುಣ್ಯಾತ್ಮ, "ನಾಚ್ಕೆ ಆಗಲ್ವಾ ನಿಮ್ಗೆ?" ಎಂದು ಕಿರುಚಿ ಫ್ರೌಕೆಯ ಮುಂದೆ ಫೋನ್ ಹಿಡಿದು ಫೋಟೋ ತೆಗೆದ. ವಾರಗಟ್ಟಲೆ ಅವಳು ನೀರಿಗಿಳಿಯಲಿಲ್ಲ. ಆಮೇಲೆ ಹಟ ಹಿಡಿದಳು: ಇದು ಬೆತ್ತಲೆ ಈಜುವವರ ಜಾಗ ಎಂದು ಪುರಸಭೆಯೇ ಬೋರ್ಡು ಹಾಕಬೇಕು.

"ಕೇಳ್ಬೇಡ ಕಣೇ," ಎಂದ ಹಾರ್ಮನ್. ಎಂಬತ್ತು ದಾಟಿದ ಮುದುಕ, ನಲವತ್ತು ಬೇಸಿಗೆ ಅಲ್ಲೇ ಕಳೆದವನು. "ಕೇಳಿದ್ರೆ ಬೇಡ ಅಂತಾರೆ."

"ಪುಕ್ಕಲ! ಎಷ್ಟು ದಿನ ಹೀಗೆ ಕಳ್ಳರ ಥರ ಇರೋದು?"

ನಾನೂ ಅವಳ ಪಕ್ಷವನ್ನೇ ವಹಿಸಿದೆ. ಕಾಗದ ಹಂಚಿದ ಬಾಗಿಲುಗಳನ್ನೇ ಮತ್ತೆ ತಟ್ಟಿ ಅವಳು ನಾನೂರು ಸಹಿ ತಂದಳು. ಪುರಸಭೆಯಲ್ಲಿ ಊರವರಿಗೆ ಮಾತಾಡಲು ಕೊಡುವ ಐದು ನಿಮಿಷದಲ್ಲಿ, ತನ್ನ ಗಾಯದ ವಿಷಯವನ್ನು ಅಷ್ಟೂ ಜನರೆದುರು ಹೇಳಿದಳು. ನನ್ನ ಕಣ್ಣು ತುಂಬಿತು.

ಸದಸ್ಯೆಯೊಬ್ಬರು ನಯವಾಗಿಯೇ ಹೇಳಿದರು: "ನೀವು ಕೇಳ್ದೆ ಇದ್ದಿದ್ರೆ ನಾವೂ ಸುಮ್ನಿರ್ತಿದ್ವಿ. ಈಗ ಏನಾದ್ರೂ ಒಂದು ತೀರ್ಮಾನ ಮಾಡ್ಲೇಬೇಕಲ್ಲಮ್ಮ."

ಪರವಾಗಿ ಆರು ಮತ, ವಿರುದ್ಧ ಒಂಬತ್ತು.

ಮೇ ತಿಂಗಳಲ್ಲಿ ಬೋರ್ಡು ಬಂತು: ಇಲ್ಲಿ ಬಟ್ಟೆ ಕಡ್ಡಾಯ. ಕಾವಲಿನವರು ದಿನಕ್ಕೆರಡು ಸಲ ಬಂದು ಹೋಗತೊಡಗಿದರು. ಹಾರ್ಮನ್ ಬಯ್ಯಲಿಲ್ಲ. "ನಂಗಿನ್ನೂ ನಾಲ್ಕೈದು ಬೇಸಿಗೆ ಉಳಿದಿತ್ತು, ಫ್ರೌಕೆ," ಎಂದನಷ್ಟೆ. ಅದರ ಬದಲು ಚೆನ್ನಾಗಿ ಬಯ್ದಿದ್ದರೇ ಅವಳಿಗೆ ಸಮಾಧಾನವಾಗುತ್ತಿತ್ತು.

ನಿನ್ನೆ ನಾನೇ ಒತ್ತಾಯ ಮಾಡಿ ಅವಳನ್ನು ಅದೇ ಜಾಗಕ್ಕೆ ಈಜಲು ಕರೆದುಕೊಂಡು ಹೋದೆ. ಹೊಸ ಈಜುಡುಗೆ ತೊಟ್ಟಿದ್ದಳು. ಎಡಗಡೆ ಬಟ್ಟೆ ಸುಕ್ಕುಗಟ್ಟಿ ಜೋತುಬಿದ್ದಿತ್ತು. ಹೋಗಿಬರುವವರ ಕಣ್ಣೆಲ್ಲ ಅಲ್ಲಿಗೇ. ಹದಿಮೂರು ಬೇಸಿಗೆ ಆ ಮರಳಿನ ಮೇಲೆ ಬರಿಮೈಯಲ್ಲಿ ನನ್ನ ಪಕ್ಕದಲ್ಲೇ ಬಿಸಿಲು ಕಾಯಿಸಿದವಳು. ಮೊದಲ ಸಲ ನಾನೂ ಅಲ್ಲಿಗೇ ನೋಡಿದೆ. ಅವಳಿಗೆ ಗೊತ್ತಾಯಿತು.

"ನೀನೂನಾ?" ಎಂದು ಟವೆಲ್ ಹೊದ್ದುಕೊಂಡಳು.