ಚೌಡಾಪುರದ ಆಗಸ್ಟ್ ಮಳೆ

ಚೌಡಾಪುರದ ಶಾಲೆಯ ಹಿಂದಿರುವ ಮಳೆಮಾಪಕವನ್ನು ಗೌಸಮೊಹಿದ್ದೀನ ಅವರು ಮೂವತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದಾರೆ. ದಿನಾ ಬೆಳಿಗ್ಗೆ ಎಂಟೂವರೆಗೆ ಹೋಗಿ, ಬಾಟಲಿಯಲ್ಲಿ ಬಿದ್ದ ನೀರನ್ನು ಅಳೆದು ಬರೆಯುತ್ತಾರೆ. ಅಷ್ಟು ವರ್ಷದ ವಹಿಗಳನ್ನು ತೋರಿಸಿ ಎಂದು ಯಾರೂ ಕೇಳಿರಲಿಲ್ಲ.

ಮೊನ್ನೆ ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಹವಾಮಾನ ಓದುವ ರಾಧಿಕಾ ಅದಕ್ಕೆಂದೇ ಅವರ ಮನೆಗೆ ಬಂದಳು. ವಹಿಗಳ ಗಂಟು ಬಿಚ್ಚಲು ಹೊರಟವರನ್ನು ತಡೆದಳು.

"ತಡೀರಿ ಚಾಚಾ, ಮೊದಲ ನಾನೇ ಹೇಳ್ತೇನಿ. ಎರಡು ಸಾವಿರದ ಒಂಬತ್ತು, ಹದಿನೈದು, ಇಪ್ಪತ್ಮೂರು. ಈ ಮೂರೂ ವರ್ಷ ಆಗಸ್ಟಿನಾಗ ಮಳಿ ಕಡಿಮಿ, ಬಿಸಲು ಜಾಸ್ತಿ."

ಗೌಸಮೊಹಿದ್ದೀನ ದಂಗಾದರು. ಮೂರೂ ನಿಜ.

"ವಹಿ ನೋಡಲಾರದ ಹೆಂಗ ಹೇಳಿದಿ ಬೇಟಿ?"

"ಆ ಮೂರೂ ವರ್ಷ ಪೆಸಿಫಿಕ್ ಸಮುದ್ರ ಕಾದಿತ್ತು ಚಾಚಾ. ಅದು ಕಾದ್ರ ಗಾಳಿ ದಿಕ್ಕು ಬದಲಾಗಿ ನಮ್ಮಲ್ಲಿ ಮೋಡ ಕಟ್ಟೂದು ಕಡಿಮಿ ಆಗ್ತದ. ತೊಂಬತ್ತೇಳರಾಗೂ ಹಂಗೇ ಆಗಿರಬೇಕು."

"ಅದೊಂದು ಸುಳ್ಳು," ಎಂದವರೇ ಅವರು ಆ ವರ್ಷದ ವಹಿ ತೆರೆದರು. ಆಗಸ್ಟಿನ ಪುಟದ ತುಂಬ ಮಳೆಯಿತ್ತು. ಈಗ ಬೆಚ್ಚಿದ್ದು ರಾಧಿಕಾ.

"ಇದು ಖರೇನ್ರಿ?"

"ಕೈಯಾರೆ ಅಳದೇನಿ. ಬಾಟಲಿ ತುಂಬಿ ಹೊರಗ ಚೆಲ್ಲಿತ್ತು."

ಅವಳು ಆ ಪುಟವನ್ನು ಎರಡು ಸಲ ಓದಿದಳು. "ಹಂಗಾದ್ರ ಆ ತಿಂಗಳು ನಮ್ಮ ದೇಶದ ಮಗ್ಗಲದ ಸಮುದ್ರದ ಗಾಳಿ ಮೋಡ ತಂದು ಕಾಪಾಡಿರಬೇಕು. ಅದನ್ನ ನಾ ಮರತೇ ಬಿಟ್ಟಿದ್ದೆ."

ಗೌಸಮೊಹಿದ್ದೀನ ಸಮುದ್ರವನ್ನೇ ಕಂಡವರಲ್ಲ. ಅಷ್ಟು ದೂರದ ನೀರು ತಮ್ಮ ಬಾಟಲಿಯನ್ನು ಬರಿದು ಮಾಡಬಲ್ಲದೆಂದು ಅವರು ಎಂದೂ ನೆನೆದಿರಲಿಲ್ಲ.

"ಈಗ ಆ ದೂರದ ಸಮುದ್ರ ಹೆಂಗದ ಬೇಟಿ?"

ರಾಧಿಕಾ ಮೊಬೈಲಿನಲ್ಲಿ ನಕ್ಷೆ ತೆರೆದು ತೋರಿಸಿದಳು. "ಮತ್ತ ಕಾಯಾಕತ್ತದ ಚಾಚಾ."

ಗೌಸಮೊಹಿದ್ದೀನ ಈ ವರ್ಷದ ವಹಿ ತೆಗೆದು, ಇನ್ನೂ ಖಾಲಿಯಿದ್ದ ಆಗಸ್ಟಿನ ಪುಟವನ್ನು ತೆರೆದು ಕೂತರು.